ಜಂಬಿಟ್ಟಿಗೆ ಕ್ವಾರಿಯಿಂದ ಗ್ರಹವಿಜ್ಞಾನದ ಸಮ್ಮೇಳನಕ್ಕೆ: ನನ್ನ ಅನುಭವ

ಗ್ರಹವಿಜ್ಞಾನದ ಕಡೆಗೆ ಒಲವಿರುವ ವಿದ್ಯಾರ್ಥಿಗಳು ಶಿವಮೊಗ್ಗದಲ್ಲಿ ನನ್ನನ್ನು ಹುಡುಕಿಕೊಂಡು ಬಂದಾಗ ಹೆಚ್ಚಿನವರ ಮೊದಲ ಮಾತು ಒಂದೇ: "ಮೇಡಂ, ಇದಕ್ಕೆ ಯಾವ ಕೋರ್ಸ್ ಸೇರಬೇಕು? ಎಲ್ಲಿ ಅವಕಾಶ ಇದೆ?" ಅವಕಾಶಗಳ ವಿವರ ನನ್ನಲ್ಲಿದೆ, ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಅವರನ್ನು ಕೂರಿಸಿ, ಅವರ ತಲೆಯಲ್ಲಿರುವ ಪ್ರಶ್ನೆ ಯಾವುದು ಎಂದು ಕೇಳುತ್ತೇನೆ. "ಮಂಗಳನ ಮೇಲೆ ಜೀವವಿದೆಯೇ" ಎನ್ನುವಂಥ ದೊಡ್ಡ ಪ್ರಶ್ನೆ ಬೇಡ. ಒಂದು ಚಿತ್ರ, ಒಂದು ಕಲ್ಲು, ಒಂದು ಅಳತೆಯಿಂದ ಸ್ವಲ್ಪವಾದರೂ ಉತ್ತರ ಸಿಗಬಹುದಾದ ಚಿಕ್ಕ ಪ್ರಶ್ನೆ ಬೇಕು. ನನ್ನ ದಾರಿ ತೆರೆದದ್ದು ಹಾಗೆ. ಮಲೆನಾಡಿನಲ್ಲಿ ಕುಳಿತು ಈ ಕೆಲಸ ಮಾಡಲು ಬೇರೆ ದಾರಿ ಇದೆ ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ನಾನು ಓದಿದ್ದು ಭೂವಿಜ್ಞಾನ. ನಮ್ಮ ಪಠ್ಯದಲ್ಲಿ ಧಾರವಾಡ ಶಿಲೆಗಳಿದ್ದವು, ಬಾಬಾಬುಡನ್ ಮತ್ತು ಕುದುರೆಮುಖದ ಕಬ್ಬಿಣದ ಅದಿರು ಇತ್ತು, ಬೇರೆ ಗ್ರಹಗಳ ಸುದ್ದಿ ಇರಲಿಲ್ಲ. ನನ್ನ ಪ್ರಶ್ನೆ ಸಿಕ್ಕಿದ್ದು ಹೊಸನಗರದ ಕಡೆಯ ಒಂದು ಜಂಬಿಟ್ಟಿಗೆ ಕ್ವಾರಿಯಲ್ಲಿ. ಮನೆ ಕಟ್ಟಿಸಿದ ಮಲೆನಾಡಿನವರಿಗೆಲ್ಲ ಈ ಕಲ್ಲು ಗೊತ್ತು: ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿ. ಕ್ವಾರಿಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದರೆ ಮೊದಲು ಕಬ್ಬಿಣ ತುಂಬಿದ ಕಡುಗೆಂಪು ಹೊದಿಕೆ ಸಿಗುತ್ತದೆ. ಅದರ ಕೆಳಗೆ ಕೆಂಪು, ಹಳದಿ, ಬಿಳಿ ಕಲೆಗಳು ಬೆರೆತ ಪದರ. ಇನ್ನೂ ಕೆಳಗೆ, ಉಗುರಿನಿಂದ ಕೆರೆದರೆ ನುಣ್ಣಗೆ ಉದುರುವ ಬಿಳಿ ಶೇಡಿ ಮಣ್ಣು. ಬುಡದಲ್ಲಿ ಮೂಲಶಿಲೆ. ಲಕ್ಷಾಂತರ ವರ್ಷ ಮಳೆನೀರು ಬಸಿದು ಬಸಿದು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದುಹೋಗಿವೆ. ಸಿಲಿಕಾದ ದೊಡ್ಡ ಪಾಲೂ ಹೋಗಿದೆ. ಉಳಿದದ್ದು ಅಲ್ಯೂಮಿನಿಯಂ ಮತ್ತು ಕಬ್ಬಿಣ. ಶೇಡಿ ಮಣ್ಣಿನ ಮುಖ್ಯ ಖನಿಜ ಕೇಯೊಲಿನೈಟ್, ಅಲ್ಯೂಮಿನಿಯಂ ಹೆಚ್ಚಿರುವ ಜೇಡಿ.

ಅದೇ ಕೇಯೊಲಿನೈಟ್ ಮಂಗಳನಲ್ಲೂ ಇದೆ. ಅಲ್ಲಿನ ಮಾವರ್ತ್ ಕಣಿವೆಯ ಸುತ್ತ ಅಲ್ಯೂಮಿನಿಯಂ ಜೇಡಿಯ ಪದರ ಮೇಲೆ, ಕಬ್ಬಿಣ ಮತ್ತು ಮೆಗ್ನೀಸಿಯಂ ಇರುವ ಜೇಡಿ ಕೆಳಗೆ ಹಾಸಿಕೊಂಡಿರುವುದನ್ನು ಮಾರ್ಸ್ ಎಕ್ಸ್‌ಪ್ರೆಸ್ ಮತ್ತು ಮಾರ್ಸ್ ರಿಕನೈಸನ್ಸ್ ಆರ್ಬಿಟರ್ ನೌಕೆಗಳ ಉಪಕರಣಗಳು ತೋರಿಸಿಕೊಟ್ಟಿವೆ. ಈಚೆಗೆ ಪರ್ಸಿವರೆನ್ಸ್ ರೋವರ್ ಕೂಡ ಜೆಜೆರೊ ಕುಳಿಯಲ್ಲಿ ಕೇಯೊಲಿನೈಟ್ ಇರುವ ತಿಳಿಬಣ್ಣದ ಬಿಡಿಗಲ್ಲುಗಳನ್ನು ಕಂಡಿದೆ. ಮಾವರ್ತ್‌ನ ಪದರಗಳು ಮೇಲಿನಿಂದ ನೀರು ಇಳಿದು ಆದವೇ, ಅಂದರೆ ಒಂದು ಕಾಲಕ್ಕೆ ಅಲ್ಲಿ ಮಳೆಯೋ ಹಿಮ ಕರಗಿದ ನೀರೋ ಧಾರಾಳವಾಗಿತ್ತೇ ಎಂಬ ಚರ್ಚೆ ನಡೆದೇ ಇದೆ. ಮಳೆಯಿಂದ ಕಲ್ಲು ಜೇಡಿಯಾಗುವುದನ್ನು ನೋಡಲು ಮಲೆನಾಡಿಗಿಂತ ಒಳ್ಳೆಯ ಜಾಗ ಎಲ್ಲಿದೆ? ನನ್ನ ಪ್ರಶ್ನೆಯನ್ನು ಇಷ್ಟಕ್ಕೆ ಇಳಿಸಿಕೊಂಡೆ: ನಮ್ಮ ಕ್ವಾರಿಯ ಗೋಡೆಯಲ್ಲಿ ಪದರದಿಂದ ಪದರಕ್ಕೆ ರೋಹಿತ, ಅಂದರೆ ಯಾವ ತರಂಗಾಂತರದ ಬೆಳಕು ಎಷ್ಟು ಮರಳಿ ಬರುತ್ತದೆ ಎಂದು ತೋರಿಸುವ ಗೆರೆ, ಬದಲಾಗುವ ರೀತಿಗೂ ಮಾವರ್ತ್‌ನಲ್ಲಿ ಕಾಣುವುದಕ್ಕೂ ಎಷ್ಟು ಹೋಲಿಕೆ ಇದೆ?

ಕ್ವಾರಿಯನ್ನೇ ಆರಿಸಿಕೊಂಡದ್ದಕ್ಕೆ ಎರಡು ಕಾರಣ. ನಮ್ಮಲ್ಲಿ ಜಂಬಿಟ್ಟಿಗೆ ಗ್ನೈಸ್ ಶಿಲೆಯ ಮೇಲೂ ಇದೆ, ಶಿಸ್ಟ್ ಮೇಲೂ ಇದೆ. ಮಂಗಳನ ನೆಲ ಬಹುಪಾಲು ಬಸಾಲ್ಟ್, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲು, ಆದ್ದರಿಂದ, ಬುಡದಲ್ಲಿ ರೂಪಾಂತರಗೊಂಡ ಬಸಾಲ್ಟ್ ಇರುವ ಕಡೆ ನನಗೆ ಬೇಕಿತ್ತು. ಇನ್ನೊಂದು, ಅಭಯಾರಣ್ಯದೊಳಗೆ ಒಂದು ಹಿಡಿ ಮಣ್ಣು ತೆಗೆಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕ್ವಾರಿಯಲ್ಲಿ ಮಾಲೀಕರು ಒಪ್ಪಿದರೆ ಸಾಕು. ಅಲ್ಲಿ ಕಲ್ಲು ಕಡಿಯುವ ಹಿರಿಯರೊಬ್ಬರು ನನ್ನ ಚೀಲಗಳನ್ನು ನೋಡಿ, "ತಂಗೀ, ಈ ಬಿಳಿ ಮಣ್ಣಿಗೆ ದುಡ್ಡು ಕೊಡುವವರಿಲ್ಲ, ಕೆಂಪು ಕಲ್ಲು ಒಯ್ಯಿ" ಎಂದರು. ಮಂಗಳನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಣ್ಣಿನ ಬಣ್ಣ ಎಲ್ಲೆಲ್ಲಿ ಬದಲಾಗುತ್ತದೆಂದು ಗೋಡೆಯುದ್ದಕ್ಕೂ ಹಾರೆಯಿಂದ ಗುರುತು ಹಾಕಿಕೊಟ್ಟರು. ಆಮೇಲೆ ಪ್ರಯೋಗಾಲಯದಲ್ಲಿ ನೋಡಿದರೆ ಅವರ ಗುರುತುಗಳಿಗೂ ಖನಿಜ ಬದಲಾದ ಜಾಗಗಳಿಗೂ ಬಹುತೇಕ ತಾಳೆಯಾಗುತ್ತಿತ್ತು. ದಿನವಿಡೀ ಕಲ್ಲಿನೊಂದಿಗೆ ಇರುವವರ ಕಣ್ಣನ್ನು ನಂಬಬೇಕು ಎಂದು ನನ್ನ ವಿದ್ಯಾರ್ಥಿಗಳಿಗೆ ಈಗಲೂ ಹೇಳುತ್ತೇನೆ.

ಕೆಲಸವನ್ನು ಮಳೆ ನೋಡಿಕೊಂಡು ಹಂಚಿಕೊಂಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡಲು ಆಗುವುದಿಲ್ಲ, ಆಗ ಮಂಗಳನ ದತ್ತಾಂಶ. ನವೆಂಬರ್ ನಂತರ ಕ್ವಾರಿ. ಮಂಗಳನ ಖನಿಜಗಳನ್ನು ಗುರುತಿಸುವ, ಮಾರ್ಸ್ ರಿಕನೈಸನ್ಸ್ ಆರ್ಬಿಟರ್‌ನಲ್ಲಿರುವ ಕ್ರಿಸಂ ಉಪಕರಣ 544 ತರಂಗಾಂತರಗಳಲ್ಲಿ, ಸುಮಾರು 18 ಮೀಟರ್ ನೆಲವನ್ನು ಒಂದು ಬಿಂದುವಾಗಿ ನೋಡಿದೆ. ಆ ದತ್ತಾಂಶವೆಲ್ಲ ನಾಸಾದ ಗ್ರಹ ದತ್ತಾಂಶ ಭಂಡಾರದಲ್ಲಿ ಎಲ್ಲರಿಗೂ ಉಚಿತ. ಕಚ್ಚಾ ರೂಪದ್ದನ್ನು ಸಂಸ್ಕರಿಸಲು ದುಬಾರಿ ತಂತ್ರಾಂಶ ಬೇಕಾಗುತ್ತದೆ, ಆದರೆ ತಿದ್ದಿ, ನಕ್ಷೆಗೆ ಹೊಂದಿಸಿ ಇಟ್ಟಿರುವ ಕಡತಗಳೂ ಅಲ್ಲಿವೆ. ಸಾಧಾರಣ ಕಂಪ್ಯೂಟರಿನಲ್ಲಿ ಉಚಿತ ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಮತ್ತು ಪೈಥಾನ್ ಸಾಕು. ಯಾವ ಚಿತ್ರ ಬೇಕೆಂದು ಹುಡುಕಲು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರ ಜೆಮಾರ್ಸ್ ತಂತ್ರಾಂಶ ಬಳಸುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋಗುವ ಊರಿನಲ್ಲಿ ದೊಡ್ಡ ಕಡತ ಇಳಿಸುವವರು, ಅರ್ಧಕ್ಕೆ ನಿಂತರೆ ಅಲ್ಲಿಂದಲೇ ಮುಂದುವರಿಸುವ ಡೌನ್‌ಲೋಡ್ ತಂತ್ರಾಂಶ ಹಾಕಿಕೊಳ್ಳಲೇಬೇಕು.

ಇಲ್ಲಿ ಒಂದು ಕೈಚಳಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ. ಒಂದು ಬಿಂದುವಿನ ರೋಹಿತವನ್ನು ನೇರವಾಗಿ ನೋಡಿದರೆ ಧೂಳು, ವಾತಾವರಣ, ಉಪಕರಣದ ಗದ್ದಲ ಸೇರಿ ಏನೂ ತಿಳಿಯುವುದಿಲ್ಲ. ಖನಿಜ ಇದೆಯೆಂದು ಅನುಮಾನವಿರುವ ಹತ್ತಾರು ಬಿಂದುಗಳ ಸರಾಸರಿ ತೆಗೆದು, ಅದನ್ನು ಅದೇ ಚಿತ್ರದ ಯಾವ ವಿಶೇಷವೂ ಇಲ್ಲದ ಸಪ್ಪೆ ಜಾಗದ ಸರಾಸರಿಯಿಂದ ಭಾಗಿಸಬೇಕು. ಆಗ ಎರಡಕ್ಕೂ ಸಮಾನವಾದ ಗದ್ದಲ ಬಿದ್ದುಹೋಗಿ, 2.2 ಮೈಕ್ರೋಮೀಟರ್ ಹತ್ತಿರ ಕೇಯೊಲಿನೈಟ್ ಬೆಳಕು ಹೀರುವುದರಿಂದ ಗೆರೆಯಲ್ಲಿ ಬೀಳುವ ತಗ್ಗು ಎದ್ದು ಕಾಣುತ್ತದೆ. ಕಬ್ಬಿಣ, ಮೆಗ್ನೀಸಿಯಂ ಜೇಡಿಯಾದರೆ ಆ ತಗ್ಗು 2.3ರ ಹತ್ತಿರಕ್ಕೆ ಸರಿಯುತ್ತದೆ. ಸಪ್ಪೆ ಜಾಗ ಯಾವುದು ಎನ್ನುವ ಆಯ್ಕೆಯಲ್ಲೇ ಅರ್ಧ ವಿದ್ಯೆ ಇದೆ. ಅದನ್ನು ಬದಲಿಸಿ ಬದಲಿಸಿ ನೋಡಿ, ಆಗಲೂ ತಗ್ಗು ಉಳಿದರೆ ಮಾತ್ರ ನಂಬಿ.

ಕ್ವಾರಿಯ ಮಾದರಿಗಳ ರೋಹಿತವನ್ನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಮಯ ಕೇಳಿಕೊಂಡು ತೆಗೆದೆ. ಬಿಸಿಲಿನಲ್ಲಿ, ಕ್ವಾರಿಯಲ್ಲೇ ಅಳೆದರೆ ನಮ್ಮ ಗಾಳಿಯ ತೇವ 1.4 ಮತ್ತು 1.9 ಮೈಕ್ರೋಮೀಟರ್ ಭಾಗವನ್ನು ನುಂಗಿಬಿಡುತ್ತದೆ. ಒಳಗೆ ದೀಪದ ಬೆಳಕಿನಲ್ಲಿ ಅಳೆದರೆ ಆ ತೊಂದರೆ ಇಲ್ಲ. ಖನಿಜ ಯಾವುದೆಂದು ಎಕ್ಸ್-ರೇ ವಿವರ್ತನೆಯಿಂದ ಖಚಿತಪಡಿಸಿಕೊಂಡೆ. ರೋಹಿತವೊಂದನ್ನೇ ನಂಬಿ ಬರೆದ ಕೆಲಸವನ್ನು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಇನ್ನು ಸಮ್ಮೇಳನದ ಮಾತು. ಕೆಲಸವೆಲ್ಲ ಮುಗಿದ ಮೇಲೆ ಸಮ್ಮೇಳನಕ್ಕೆ ಕಳಿಸುವ ಸಾರಾಂಶ, ಅಂದರೆ ಅಬ್‌ಸ್ಟ್ರಾಕ್ಟ್ ಬರೆಯುತ್ತೇನೆ ಎಂದು ಕಾಯುವವರು ಬಹಳ. ನಾನು ಮಾಡಿದ್ದು ಉಲ್ಟಾ: ಮೊದಲು ಅಬ್‌ಸ್ಟ್ರಾಕ್ಟಿನ ಕರಡು ಬರೆದು, ಎಲ್ಲಿ ವಾಕ್ಯ ತಡವರಿಸುತ್ತದೋ ಅಲ್ಲಿ ಯಾವ ಅಳತೆ ಬೇಕೆಂದು ಗುರುತು ಮಾಡಿಕೊಂಡು, ಆ ಅಳತೆಗಾಗಿ ಕ್ವಾರಿಗೆ ಹೋದೆ. ಅಮೆರಿಕದ ಹ್ಯೂಸ್ಟನ್ ಹತ್ತಿರ ಪ್ರತಿ ಮಾರ್ಚ್‌ನಲ್ಲಿ ನಡೆಯುವ ಚಂದ್ರ ಮತ್ತು ಗ್ರಹವಿಜ್ಞಾನ ಸಮ್ಮೇಳನಕ್ಕೆ ಚಿತ್ರವೂ ಸೇರಿ ಎರಡು ಪುಟ, ಅಷ್ಟೇ. ಅಪೊಲೊ 11ರ ಕಲ್ಲುಗಳ ಬಗ್ಗೆ ಚರ್ಚಿಸಲು 1970ರಲ್ಲಿ ಸೇರಿದ ಸಭೆಯೇ ಮುಂದೆ ಇದಾಯಿತು. ಎರಡು ಪುಟದಲ್ಲಿ ಪ್ರಶ್ನೆ, ವಿಧಾನ, ಒಂದು ಒಳ್ಳೆಯ ಚಿತ್ರ, ಕಂಡದ್ದು, ಅದರ ಅರ್ಥ ಎಲ್ಲವೂ ಬರಬೇಕು. ಈ ಶಿಸ್ತು ನನಗೆ ಪಿಎಚ್‌ಡಿ ಪ್ರಬಂಧಕ್ಕಿಂತ ಹೆಚ್ಚು ಕಲಿಸಿತು. ಕೊನೆಯ ದಿನಾಂಕ ಸಾಮಾನ್ಯವಾಗಿ ಜನವರಿ ಮೊದಲ ಭಾಗದಲ್ಲಿ ಬರುತ್ತದೆ, ಹಾಗಾಗಿ ಮಲೆನಾಡಿನವರಿಗೆ ಲೆಕ್ಕ ಸರಿಹೊಂದುತ್ತದೆ: ಮಳೆ ಬಿಟ್ಟ ಮೇಲೆ ಮಾದರಿ, ಡಿಸೆಂಬರ್‌ನಲ್ಲಿ ಬರವಣಿಗೆ.

ಆದರೆ ಮೊದಲು ಹೋಗಬೇಕಾದದ್ದು ಅಹಮದಾಬಾದಿಗೆ. ವಿಕ್ರಮ್ ಸಾರಾಭಾಯಿ 1947ರಲ್ಲಿ ಕಟ್ಟಿದ ಭೌತ ಸಂಶೋಧನಾ ಪ್ರಯೋಗಾಲಯ, ಎಲ್ಲರ ಬಾಯಲ್ಲಿ ಪಿಆರ್‌ಎಲ್, ಅಲ್ಲಿದೆ. ಭಾರತೀಯ ಗ್ರಹವಿಜ್ಞಾನ ಸಮ್ಮೇಳನ 2020ರಲ್ಲಿ ಶುರುವಾದದ್ದೂ ಅಲ್ಲಿಯೇ. ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಹೊತ್ತೊಯ್ದ ಎಕ್ಸ್-ರೇ ಉಪಕರಣ ಪಿಆರ್‌ಎಲ್‌ನದು. ಅದು ಚಂದ್ರನ ಮೇಲೆ ಇಳಿದ ಶಿವಶಕ್ತಿ ಬಿಂದುವಿನ ಮಣ್ಣಿನ ಧಾತುಗಳನ್ನು ಅಳೆದು 2024ರಲ್ಲಿ ಪ್ರಕಟಿಸಿದ್ದೂ ಅಲ್ಲಿನ ತಂಡವೇ. ಅಂಥವರು ಚಹದ ಲೋಟ ಹಿಡಿದು ನಿಮ್ಮ ಪೋಸ್ಟರ್ ಮುಂದೆ ನಿಲ್ಲುತ್ತಾರೆ. ನಾನು ಪೋಸ್ಟರನ್ನು ಶಿವಮೊಗ್ಗದ ಫ್ಲೆಕ್ಸ್ ಅಂಗಡಿಯಲ್ಲಿ ಎ-ಸೊನ್ನೆ ಅಳತೆಯಲ್ಲಿ ಮುದ್ರಿಸಿ, ಅರಸೀಕೆರೆಯಲ್ಲಿ ರೈಲು ಬದಲಿಸಿ ಹೋದೆ. ಪೋಸ್ಟರಿನಲ್ಲಿ ಅಕ್ಷರ ಕಡಿಮೆ ಇಟ್ಟಿದ್ದೆ. ನಡುವೆ ಒಂದೇ ದೊಡ್ಡ ಚಿತ್ರ: ಎಡಕ್ಕೆ ಕ್ವಾರಿಯ ಗೋಡೆ, ಬಲಕ್ಕೆ ಮಾವರ್ತ್‌ನ ಇಳಿಜಾರು, ಎರಡರ ರೋಹಿತಗಳು ಒಂದರ ಕೆಳಗೊಂದು.

ಅಲ್ಲಿ ಹಿರಿಯ ವಿಜ್ಞಾನಿಯೊಬ್ಬರು ಬಹಳ ಹೊತ್ತು ನೋಡಿ ಕೇಳಿದರು: "ನಿಮ್ಮ ಗೋಡೆಯಲ್ಲಿ ಕಬ್ಬಿಣ ಮೇಲೆ ಉಳಿದಿದೆಯಲ್ಲಮ್ಮ, ಮಾವರ್ತ್‌ನಲ್ಲಿ ಮೇಲಿನ ಪದರದಲ್ಲಿ ಕಬ್ಬಿಣವೇ ಕಡಿಮೆ. ಅದು ಎಲ್ಲಿ ಹೋಯಿತು?" ನಮ್ಮ ಗಾಳಿಯಲ್ಲಿ ಆಮ್ಲಜನಕವಿದೆ, ಕಬ್ಬಿಣ ತುಕ್ಕಾಗಿ ಕೂತಲ್ಲೇ ಕೂರುತ್ತದೆ. ಆದಿಕಾಲದ ಮಂಗಳನ ಗಾಳಿಯಲ್ಲಿ ಅದು ಇಲ್ಲದಿದ್ದರೆ ಕಬ್ಬಿಣ ನೀರಿನಲ್ಲಿ ಕರಗಿ ಇಳಿದುಹೋಗಿರಬಹುದು. ನಾನು ಹೋಲಿಕೆ ಹುಡುಕುತ್ತಾ ಹೋಗಿದ್ದೆ. ಆ ಒಂದು ಮಾತಿನ ನಂತರ ವ್ಯತ್ಯಾಸವೇ ನನ್ನ ವಿಷಯವಾಯಿತು. ನಮ್ಮ ಕಡೆ ಗದ್ದೆಯಂಚಿನ ನೀರು ನಿಲ್ಲುವ ತಗ್ಗುಗಳಲ್ಲಿ ಆಮ್ಲಜನಕ ಸಿಗದೆ ಕಬ್ಬಿಣ ತೊಳೆದುಹೋಗಿ ಮಣ್ಣು ಬೂದುಬಣ್ಣಕ್ಕೆ ತಿರುಗಿರುತ್ತದೆ. ಅಂಥ ಮಣ್ಣಿನ ರೋಹಿತವನ್ನು ಈಗ ತೆಗೆಯುತ್ತಿದ್ದೇನೆ. ಸಮ್ಮೇಳನಕ್ಕೆ ಜನ ಏಕೆ ಹೋಗಬೇಕು ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಇದೇ. ಇದನ್ನು ಶಿವಮೊಗ್ಗದಲ್ಲಿ ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ವಿದ್ಯಾರ್ಥಿಗಳಿಗೆ ಇರುವ ಬಾಗಿಲುಗಳನ್ನು ಬೇಗ ಹೇಳಿಬಿಡುತ್ತೇನೆ. ಪದವಿಯಲ್ಲಿರುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇತರ ಎರಡು ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಹಾಕಬೇಕು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ. ಪಿಆರ್‌ಎಲ್‌ನಲ್ಲೂ ಬೇಸಿಗೆ ತರಬೇತಿ ಇದೆ. ಅಲ್ಲಿ ಪಿಎಚ್‌ಡಿ ಮಾಡಲು ನೆಟ್, ಗೇಟ್ ಅಥವಾ ಜೆಸ್ಟ್ ಪರೀಕ್ಷೆ ದಾಟಿ ಸಂದರ್ಶನ ಎದುರಿಸಬೇಕು. ಡೆಹ್ರಾಡೂನ್‌ನ ಭಾರತೀಯ ದೂರಸಂವೇದಿ ಸಂಸ್ಥೆಯ ಉಚಿತ ಆನ್‌ಲೈನ್ ಕೋರ್ಸುಗಳು ಮತ್ತು ಇಸ್ರೋದ ಸ್ಟಾರ್ಟ್ ತರಬೇತಿ ಬುನಾದಿಗೆ ಒಳ್ಳೆಯವು, ಅಲ್ಲಿಗೇ ನಿಲ್ಲಬಾರದು. ಚಂದ್ರ ಇಷ್ಟವಾದವರಿಗೆ ಚಂದ್ರಯಾನ-2ರ ದತ್ತಾಂಶ ಬ್ಯಾಲಾಳುವಿನ ಕೇಂದ್ರದ 'ಪ್ರದಾನ್' ತಾಣದಲ್ಲಿ ನೋಂದಾಯಿಸಿಕೊಂಡವರಿಗೆಲ್ಲ ಸಿಗುತ್ತದೆ. ಅದರ ಹೈ ರೆಸಲ್ಯೂಷನ್ ಕ್ಯಾಮೆರಾದ ಚಿತ್ರಗಳಲ್ಲಿ ಇಳಿಜಾರಿನಲ್ಲಿ ಉರುಳಿದ ಬಂಡೆ ಬಿಟ್ಟ ಗೆರೆಯನ್ನೂ ಅಳೆಯಬಹುದು. ಕಾಲೇಜು ಅಧ್ಯಾಪಕರಿಗೆ ಸಂಶೋಧನೆಗೆ ಧನಸಹಾಯ ಕೊಡುವ ಇಸ್ರೋದ ರೆಸ್ಪಾಂಡ್ ಯೋಜನೆ ಇದೆ. 2012ರಲ್ಲಿ ಜಗತ್ತಿನ ಬಾಹ್ಯಾಕಾಶ ವಿಜ್ಞಾನಿಗಳ ಕೊಸ್ಪಾರ್ ಮಹಾಸಭೆ ಮೈಸೂರಿನಲ್ಲೇ ನಡೆದಿತ್ತು. ಇಂಥದು ಮತ್ತೆ ಹತ್ತಿರಕ್ಕೆ ಬಂದರೆ ರಜೆ ಹಾಕಿಯಾದರೂ ಹೋಗಬೇಕು.

ವಿಜ್ಞಾನಿಗಳಿಗೆ ಇಮೇಲ್ ಬರೆಯುವಾಗ "ನನಗೆ ಏನಾದರೂ ಅವಕಾಶವಿದೆಯೇ" ಎಂದು ಬರೆಯಬೇಡಿ. ಉತ್ತರ ಬರುವುದಿಲ್ಲ. ಅವರ ಲೇಖನದ ಯಾವ ಚಿತ್ರ ನೋಡಿದಿರಿ, ನೀವು ಏನು ಮಾಡಿದ್ದೀರಿ, ಯಾವುದು ಅರ್ಥವಾಗಲಿಲ್ಲ ಎಂದು ನಾಲ್ಕು ಸಾಲು ಬರೆದು, ನಿಮ್ಮದೇ ಒಂದು ಚಿತ್ರ ಲಗತ್ತಿಸಿ. ನನಗೆ ಪರಿಚಯವೇ ಇಲ್ಲದವರು ಹಾಗೆ ಬರೆದದ್ದಕ್ಕೆ ಉದ್ದವಾದ ಉತ್ತರ ಕೊಟ್ಟಿದ್ದಾರೆ. ಸಭೆಯಲ್ಲೂ ಅಷ್ಟೇ. ನಮ್ಮ ಹೆಣ್ಣುಮಕ್ಕಳು ಊಟದ ಹೊತ್ತಿನಲ್ಲಿ ತಮ್ಮೂರಿನವರ ಜೊತೆಯೇ ಮೂಲೆಯಲ್ಲಿ ನಿಂತುಬಿಡುತ್ತಾರೆ, ಅದು ನನಗೆ ಬೇಸರದ ವಿಷಯ. ದಿನಕ್ಕೆ ಒಬ್ಬ ಅಪರಿಚಿತರನ್ನಾದರೂ ಮಾತನಾಡಿಸಿ ಬನ್ನಿ ಎಂದು ಕಟ್ಟಪ್ಪಣೆ ಮಾಡಿಯೇ ಕರೆದೊಯ್ಯುತ್ತೇನೆ.

ಹಣದ ವಿಚಾರ. ವಿದ್ಯಾರ್ಥಿಗಳಿಗೆ ನೋಂದಣಿ ಶುಲ್ಕ ಕಡಿಮೆ, ದೇಶದೊಳಗಿನ ಸಮ್ಮೇಳನದಲ್ಲಿ ಹಾಸ್ಟೆಲ್ ವಸತಿ ಸಿಗುವುದುಂಟು. ವಿದೇಶದ್ದಾದರೆ ಆನ್‌ಲೈನ್ ಭಾಗವಹಿಸಲು ಅವಕಾಶವಿದೆಯೇ ನೋಡಿ, ಕೋವಿಡ್ ನಂತರ ಅದು ಹೆಚ್ಚಾಗಿದೆ. ಪ್ರಯಾಣ ಧನಸಹಾಯದ ಅರ್ಜಿಗಳು ಸಾಮಾನ್ಯವಾಗಿ ಅಬ್‌ಸ್ಟ್ರಾಕ್ಟ್ ಸ್ವೀಕೃತವಾದ ಪತ್ರ ಮತ್ತು ವಿಭಾಗದ ಮುಖ್ಯಸ್ಥರ ಸಹಿ ಕೇಳುತ್ತವೆ. ಕೆಲವೆಡೆ ಸಹಿಗೇ ವಾರಗಟ್ಟಲೆ ಕಾಯಿಸುತ್ತಾರೆ, ಆದ್ದರಿಂದ ಅಬ್‌ಸ್ಟ್ರಾಕ್ಟ್ ಕಳಿಸಿದ ದಿನವೇ ಆ ಪತ್ರದ ಕರಡನ್ನೂ ಬರೆದು ಕಚೇರಿಗೆ ಕೊಟ್ಟುಬಿಡಿ. ಪಾಸ್‌ಪೋರ್ಟ್ ಇಲ್ಲದವರು ಅದಕ್ಕೂ ಮೊದಲೇ ಮಾಡಿಸಿಕೊಳ್ಳಿ.