ಹಳೆಯ ಸೊಂಟನೋವು: ನೋವು ನೋಡಿ ಅಲ್ಲ, ಗಡಿಯಾರ ನೋಡಿ ಕೆಲಸ ಮಾಡುವ ಕ್ರಮ

ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಸೊಂಟ ಹಿಡಿದುಕೊಂಡಿದ್ದಾದರೆ ಅಷ್ಟರಲ್ಲಿ ಪೆಟ್ಟು ಬಹುಮಟ್ಟಿಗೆ ಮಾಗಿರುತ್ತದೆ. ನರಮಂಡಲ ಮಾತ್ರ ಸಣ್ಣ ಅಲುಗಾಟಕ್ಕೂ ಜೋರಾಗಿ ನೋವು ಕೊಡುವುದನ್ನು ರೂಢಿ ಮಾಡಿಕೊಂಡಿರುತ್ತದೆ. ನೋವು ಖಂಡಿತ ನಿಜ. ಆದರೆ ನೋವು ಹೆಚ್ಚಾದಾಗಲೆಲ್ಲ ಬೆನ್ನು ಹಾಳಾಗುತ್ತಿದೆ ಎಂದು ಹೆದರಬೇಕಿಲ್ಲ. ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ, ಎಂದು ಬಂದರೆ ಎದೆಗುಂದಬೇಡಿ. ನೋವೇ ಇಲ್ಲದ 20 ವರ್ಷದವರಲ್ಲೂ ಸುಮಾರು ಶೇ 30ರಷ್ಟು ಮಂದಿಗೆ ಅದು ಕಾಣಿಸುತ್ತದೆ.

ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶವೇ ತಿಳಿಯದಿದ್ದರೆ, ಕಾಲಿನ ಬಲ ಕುಂದುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಇವಿದ್ದರೂ ಮೊದಲು ವೈದ್ಯರಿಗೆ ತೋರಿಸಿ. ಕೆಳಗಿನ ಕ್ರಮ ಇವ್ಯಾವುವೂ ಇಲ್ಲದವರಿಗೆ.

ಹೆಚ್ಚಿನವರು ಕೆಡುವುದು ನೋವು ಕಡಿಮೆಯಿರುವ ದಿನ. ‘ಇವತ್ತು ಪರವಾಗಿಲ್ಲ’ ಎಂದು ಬಾಕಿ ಬಟ್ಟೆಯನ್ನೆಲ್ಲ ಒಗೆದು, ಮನೆಯಿಡೀ ಒರೆಸಿ, ಮುಂದಿನ ಎರಡು ದಿನ ಹಾಸಿಗೆ ಹಿಡಿಯುತ್ತಾರೆ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಮುಂದಿನ ಸಲ ಇನ್ನೂ ಕಡಿಮೆ ಕೆಲಸಕ್ಕೇ ನೋವು ಬರುತ್ತದೆ. ಈ ಸುತ್ತಿನಿಂದ ಹೊರಬರಲು ಅಳತೆ ಬೇಕು.

ಒಂದು ಕೆಲಸ ಆರಿಸಿ, ಒಲೆಯ ಮುಂದೆ ನಿಂತು ಚಪಾತಿ ಮಾಡುವುದು ಎಂದಿಟ್ಟುಕೊಳ್ಳಿ. ಮೂರು ದಿನ, ನೋವು ಏರತೊಡಗುವವರೆಗೆ ಎಷ್ಟು ನಿಮಿಷ ನಿಲ್ಲಲಾಯಿತು ಎಂದು ಬರೆದಿಡಿ. 22, 15, 20 ಬಂದರೆ ಸರಾಸರಿ 19. ಅದರಲ್ಲಿ ಶೇ 80 ಎಂದರೆ 15 ನಿಮಿಷ. ಅದೇ ನಿಮ್ಮ ಆರಂಭದ ಮಿತಿ. ಮೊಬೈಲಿನಲ್ಲಿ 15 ನಿಮಿಷಕ್ಕೆ ಅಲಾರಂ ಇಡಿ. ಅದು ಹೊಡೆದಾಗ ಎರಡೇ ಚಪಾತಿ ಉಳಿದಿದ್ದರೂ ಒಲೆ ಆರಿಸಿ, ಐದು ನಿಮಿಷ ಕೂತು ಅಥವಾ ಓಡಾಡಿ ಬನ್ನಿ. ಮಲಗಬೇಡಿ, ಭಂಗಿ ಬದಲಾದರೆ ಸಾಕು. ಚೆನ್ನಾಗಿರುವ ದಿನವೂ 15, ಬೇಸರದ ದಿನವೂ 15. ಒಂದು ವಾರ ಅದು ನಿಲುಕಿದರೆ ಶೇ 10ರಷ್ಟು, ಅಂದರೆ ಒಂದೂವರೆ ನಿಮಿಷ, ಏರಿಸಿ. ಕೂರುವುದು, ನಡೆಯುವುದು, ಬಗ್ಗುವುದು ಇವಕ್ಕೆ ಬೇರೆ ಬೇರೆ ಅಳತೆ ಬೇಕು. ಅರ್ಧ ಗಂಟೆ ನಡೆಯುವವರಿಗೂ ಹತ್ತು ನಿಮಿಷ ಕಳೆ ಕೀಳಲು ಆಗದಿರಬಹುದು.

ವ್ಯಾಯಾಮ ದುಬಾರಿಯಾಗಬೇಕಿಲ್ಲ. ಅಂಗಾತ ಮಲಗಿ ಮಂಡಿ ಮಡಚಿ, ಸೊಂಟವನ್ನು ಚಾಪೆಗೆ ಒತ್ತಿ 5 ಸೆಕೆಂಡ್ ಹಿಡಿದು ಬಿಡಿ, 8 ಸಲ. ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು 5 ಸಲ. ಹತ್ತರ ಅಳತೆಯಲ್ಲಿ ನೋವು ಎರಡು ಅಂಕ ಏರಿ ಮರುದಿನ ಬೆಳಗ್ಗೆಗೆ ಇಳಿದರೆ ಸರಿ. ಇಳಿಯದಿದ್ದರೆ ಸಂಖ್ಯೆ ಕಡಿಮೆ ಮಾಡಿ, ನಿಲ್ಲಿಸಬೇಡಿ. ಮೆಡಿಕಲ್ ಶಾಪಿನ ಸೊಂಟದ ಬೆಲ್ಟ್‌ಗೆ ದುಡ್ಡು ಸುರಿಯುವುದಕ್ಕಿಂತ ಇದೇ ಮೇಲು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮ, ತಿಳಿವಳಿಕೆ, ಮನೋಚಿಕಿತ್ಸೆಗಳನ್ನು ಸೂಚಿಸಿತು. ವಾಡಿಕೆಯಂತೆ ಬೆಲ್ಟ್ ಕಟ್ಟುವುದು, ಟ್ರ್ಯಾಕ್ಷನ್ ಕೊಡುವುದು (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ ಎಂದಿತು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಎಷ್ಟೇ ಜೋಪಾನ ಮಾಡಿದರೂ ನೋವು ಉಲ್ಬಣಿಸುವ ದಿನ ಬರುತ್ತದೆ. ಆ ದಿನಕ್ಕೆ ಒಂದು ಚೀಟಿ ಮೊದಲೇ ಬರೆದು ಗೋಡೆಗೆ ಅಂಟಿಸಿ, ನೋವಿನಲ್ಲಿ ಯೋಚಿಸಲಾಗುವುದಿಲ್ಲ. ಎಲ್ಲ ಮಿತಿಗಳೂ ಅರ್ಧ, ಆದರೆ ಸೊನ್ನೆಯಲ್ಲ. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ 15 ನಿಮಿಷ. ನಾಲ್ಕು ಎಣಿಸಿ ಉಸಿರೆಳೆದು, ಆರು ಎಣಿಸಿ ಬಿಡುತ್ತ ಐದು ನಿಮಿಷ. ರಾತ್ರಿ ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು. ಎರಡು ಮೂರು ದಿನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಳೆಯ ಮಿತಿಗೆ ಮರಳಿ. ನಿದ್ದೆ ಕೆಟ್ಟು, ಬದುಕೇ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ; ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮನೆಯವರಿಗೂ ಈ ಚೀಟಿ ತೋರಿಸಿ. ‘ಬಿಡಮ್ಮ, ನಾನೇ ಮಾಡ್ತೀನಿ’ ಎಂದು ಮಗಳು ಪ್ರೀತಿಯಿಂದಲೇ ಕೈಯಿಂದ ಕೆಲಸ ಕಸಿದುಕೊಂಡರೂ ಅಮ್ಮನ ಸೊಂಟಕ್ಕೆ ಅದು ಒಳ್ಳೆಯದಲ್ಲ. ಅಲಾರಂ ಹೊಡೆದಾಗ ಲಟ್ಟಣಿಗೆ ತೆಗೆದುಕೊಂಡು, ಐದು ನಿಮಿಷದ ಮೇಲೆ ವಾಪಸ್ ಕೊಡಲಿ.