ಮೊದಲ ಸೆಮಿಸ್ಟರಿನ ಗಣಿತಕ್ಕೆ ಒಬ್ಬರೇ ಕೂರಬೇಡಿ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ ಓದಿದವನು. ಅಪ್ಪ ಅಡಿಕೆ ಕೊಯ್ಯಲು ಹೋಗುತ್ತಿದ್ದರು. ನಮ್ಮ ಕಾಲನಿಯಿಂದ ಇಂಜಿನಿಯರಿಂಗಿಗೆ ಸೇರಿದ ಮೊದಲ ಹುಡುಗ ನಾನೇ. ಮೊದಲ ಸೆಮಿಸ್ಟರಿನಲ್ಲೇ ಗಣಿತ ಹೋಯಿತು. ಓದದೆ ಅಲ್ಲ, ರಾತ್ರಿ ಎರಡರವರೆಗೆ ಓದುತ್ತಿದ್ದೆ. ಆದರೆ ಒಬ್ಬನೇ. ಡೌಟ್ ಕೇಳಿದರೆ ‘ಕೋಟಾದವನು, ಇಷ್ಟೂ ಬರಲ್ಲ’ ಅಂದುಕೊಂಡಾರು ಎಂಬ ಭಯ.

ಆಮೇಲೆ ಅಮೆರಿಕದ ಕಪ್ಪು ವರ್ಣೀಯ ಹುಡುಗರ ಬಗ್ಗೆ ಓದಿದೆ. 1970ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅವರಲ್ಲಿ ತುಂಬ ಜನ ಕ್ಯಾಲ್ಕುಲಸ್‌ನಲ್ಲೇ ಎಡವುತ್ತಿದ್ದರು. ಅಲ್ಲಿನ ಗಣಿತ ವಿಭಾಗದಲ್ಲಿದ್ದ ಯೂರಿ ಟ್ರೈಸ್‌ಮನ್ ಎಂಬವರು 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದವರನ್ನೂ ಹತ್ತಿರದಿಂದ ಗಮನಿಸಿದರು. ಕಪ್ಪು ವಿದ್ಯಾರ್ಥಿಗಳಿಗೆ ಛಲ ಇತ್ತು, ಮನೆಯವರ ಆಸೆಯೂ ಇತ್ತು. ಆದರೆ ಹೆಚ್ಚಿನವರು ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದವರು ಸಂಜೆ ಒಟ್ಟಿಗೆ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಸುಲಭದ ಟ್ಯೂಷನ್ ಇಡಲಿಲ್ಲ. ಕಷ್ಟದ ಲೆಕ್ಕ ಕೊಟ್ಟು ಒಟ್ಟಿಗೆ ಕೂರಿಸಿದರು. ಮಾರ್ಕು ಏರಿತು. ಆ ಹುಡುಗರು ಹೊತ್ತ ಬಣ್ಣದ ಭಾರ ಬೇರೆ, ನಮ್ಮ ಜಾತಿಯದ್ದು ಬೇರೆ. ಆದರೂ ಆ ಒಂಟಿ ಮೇಜು ನನಗೆ ಚೆನ್ನಾಗಿ ಗೊತ್ತು.

ಈಗ ಭಾನುವಾರ ಮಧ್ಯಾಹ್ನ ಊರಿನ ವಾಚನಾಲಯದಲ್ಲಿ ಹುಡುಗರನ್ನು ಕೂರಿಸುತ್ತೇನೆ. ನೀವೂ ಹೀಗೆ ಮಾಡಿ.

ಕ್ಲಾಸು ಶುರುವಾದ ಮೊದಲ ವಾರವೇ ನಾಲ್ಕೈದು ಜನ ಸೇರಿ. ಇಂಟರ್ನಲ್ ಪರೀಕ್ಷೆ ಆಗಲಿ ಅಂತ ಕಾದರೆ ತಡವಾಯಿತು. ನಮ್ಮ ಕಾಲನಿಯವರು, ನಮ್ಮ ಭಾಷೆಯವರು ಮಾತ್ರ ಸಾಲದು, ಮಲಯಾಳಂ ಮೀಡಿಯಂನಿಂದ ಬಂದ ಇಬ್ಬರನ್ನಾದರೂ ಕರೆಯಿರಿ. ಲ್ಯಾಬಿನಲ್ಲಿ ಗುಂಪು ಮಾಡುವಾಗ ಆ ಪರಿಚಯವೇ ಕೈ ಹಿಡಿಯುತ್ತದೆ.

ಪ್ರತಿಯೊಬ್ಬರೂ ಮೂರು ಲೆಕ್ಕ ಮಾಡಿ ತರಬೇಕು, ತಪ್ಪಿದ್ದರೂ ಸರಿ. ಒಂದಾದರೂ ಪುಸ್ತಕದ ಕೊನೆಯ ಕಷ್ಟದ ಲೆಕ್ಕ ಇರಲಿ. ಚಾಕ್ ಹಿಡಿಯಬೇಕಾದವನು ಲೆಕ್ಕ ಗೊತ್ತಿಲ್ಲದವನು. ಗೊತ್ತಿರುವವನು ಕೂತಲ್ಲಿಂದಲೇ ಕೇಳಬೇಕು, ‘ಇದು ಹೇಗೆ ಬಂತು?’

ಮಾತು ಕನ್ನಡವೋ ತುಳುವೋ ಮಲಯಾಳವೋ ಆಗಲಿ, ಬರೆಯುವುದು ಇಂಗ್ಲಿಷ್. ಹತ್ತನೇ ಕ್ಲಾಸಿನ ಪುಸ್ತಕ ಎಸೆಯಬೇಡಿ. ‘ಸ್ಪರ್ಶಕ’ ಕಲಿತಿದ್ದೀರಿ ಅಲ್ವಾ? ಅದೇ ಟ್ಯಾಂಜೆಂಟ್. ಎಕ್ಸ್ ವರ್ಗದ (x²) ಗೆರೆ ಬರೆಯಿರಿ. ಎಕ್ಸ್ 3 ಇದ್ದಾಗ ಬೆಲೆ 9, 3.1 ಇದ್ದಾಗ 9.61. ವ್ಯತ್ಯಾಸ 0.61. ಅದನ್ನು 0.1ರಿಂದ ಭಾಗಿಸಿದರೆ 6.1. ಈಗ 3.01 ಹಾಕಿ 0.01ರಿಂದ ಭಾಗಿಸಿ ನೋಡಿ, 6.01 ಬರುತ್ತದೆ. 3ರ ಹತ್ತಿರ ಹೋದಷ್ಟೂ ಉತ್ತರ 6ರ ಕಡೆಗೆ ಬರುತ್ತದೆ. ಅಲ್ಲಿ ಗೆರೆಯನ್ನು ಮುಟ್ಟುವ ಸ್ಪರ್ಶಕದ ಇಳಿಜಾರು ಅದೇ, ಡೆರಿವೇಟಿವ್ ಅಂದರೂ ಅದೇ. ಇದನ್ನು ಬೋರ್ಡಿನಲ್ಲಿ ತಾನೇ ಕಂಡುಕೊಂಡ ದಿನ ಹುಡುಗನ ಮುಖ ನೋಡಬೇಕು ನೀವು!

ಇ-ಗ್ರಾಂಟ್ಸ್ ಎಂಬ ಕೇರಳ ಸರ್ಕಾರದ ವಿದ್ಯಾರ್ಥಿವೇತನದ ಅರ್ಜಿಯನ್ನೂ ಒಟ್ಟಿಗೇ ಕೂತು ತುಂಬಿಸಿ. ಹಳೇ ಪ್ರಶ್ನೆಪತ್ರಿಕೆ ಸೀನಿಯರ್‌ಗಳಲ್ಲಿ ಕೇಳಿ ಪಡೆಯಿರಿ.

ಒಬ್ಬ ಎರಡು ವಾರ ಬರಲಿಲ್ಲ ಅಂದರೆ ಸುಮ್ನೆ ಮೆಸೇಜ್ ಹಾಕಿ ಕೂರಬೇಡಿ. ಅವನ ಮನೆಗೆ ಹೋಗಿ. ನೋಟ್‌ಬುಕ್ ಜೊತೆಗಿರಲಿ, ಜಗಲಿಯಲ್ಲೇ ಕೂತು ಒಂದು ಲೆಕ್ಕ ಮಾಡಿ ಬನ್ನಿ.