ನಾಯಿಯ ಮೂತಿ ನೋಡಿ ಲೆನ್ಸ್ ಆರಿಸಿದೆ

ಉಡುಪಿ ಸುತ್ತಮುತ್ತ ಮನೆ ನಾಯಿಗಳ ಪೋರ್ಟ್ರೇಟ್ ತೆಗೆಯುತ್ತೇನೆ. ಮಲ್ಪೆ ಅಥವಾ ಕಾಪು ಬೀಚ್, ಇಲ್ಲದಿದ್ದರೆ ಅವರವರ ಮನೆಯಂಗಳ. ಯಾವ ಲೆನ್ಸ್ ತಗೊಳ್ಳಲಿ ಅಂತ ಕೇಳುವವರಿಗೆಲ್ಲ ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಅನ್ನುವುದೇ ಚಿಂತೆ. ನಾನು ನೋಡಿದ್ದು ಬೇರೆ ಎರಡು ಸಂಗತಿ: ನಾಯಿಯ ಮೂತಿ ಎಷ್ಟು ಉದ್ದ, ಅದು ನನ್ನನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ.

ದೊಡ್ಡ ಲ್ಯಾಬ್ರಡಾರ್ ಆದರೆ ಕಣ್ಣಿಗೂ ಮೂಗಿನ ತುದಿಗೂ ಹೆಚ್ಚುಕಡಿಮೆ 10 ಸೆಂಟಿಮೀಟರ್ ಅಂತರ. ನನ್ನದು ಕ್ಯಾನನ್ ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಸ್ವಲ್ಪ ಚಿಕ್ಕದು. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸನ್ನು 18 ಎಂಎಂಗೆ (ಈ ಸಂಖ್ಯೆ ಚಿಕ್ಕದಾದಷ್ಟು ನೋಟ ಅಗಲ) ಇಟ್ಟು ಫ್ರೇಮಿನಲ್ಲಿ ತಲೆ, ಎದೆ ತುಂಬಿಸಲು ಕಣ್ಣಿನಿಂದ 40 ಸೆಂಟಿಮೀಟರಿನಷ್ಟು ಹತ್ತಿರ ಹೋಗಬೇಕು. ಆಗ ಮೂಗು 30 ಸೆಂಟಿಮೀಟರಿನಲ್ಲಿ ಇರುತ್ತದೆ. ಕಣ್ಣಿನ ಲೆಕ್ಕಕ್ಕೆ ನೋಡಿದರೆ ಮೂಗು ಮೂರನೇ ಒಂದು ಪಾಲು ಊದಿಕೊಂಡು ಬರುತ್ತದೆ. ಅದೇ ಫ್ರೇಮನ್ನು 85 ಎಂಎಂನಲ್ಲಿ 2 ಮೀಟರ್ ದೂರದಿಂದ ತೆಗೆದರೆ ಈ ವ್ಯತ್ಯಾಸ ಶೇ. 5ರಷ್ಟು ಮಾತ್ರ. ಮನೆಯವರು ದಿನಾ ನೋಡುವ ಮುಖ ಇದು. ಫೋಟೊದಲ್ಲೂ ಅದೇ ಕಾಣಬೇಕು, ಅಲ್ವಾ?

ಕೊಳ್ಳುವ ಮೊದಲು ಕೈಯಲ್ಲಿದ್ದ ಎರಡು ಝೂಮ್‌ಗಳನ್ನೇ 50ಕ್ಕೆ, 85ಕ್ಕೆ, 200ಕ್ಕೆ ಇಟ್ಟು ಒಂದೇ ನಾಯಿಯನ್ನು ತೆಗೆದು ನೋಡಿದೆ. 200ರಲ್ಲಿ ಬೀಚಿನಲ್ಲಿ ಓಡುವ ನಾಯಿ ಚೆಂದ ಬಂತು. ಆದರೆ ಅಂಗಳದಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ, ಬೆನ್ನಿಗೆ ಕೆಂಪುಕಲ್ಲಿನ ಗೋಡೆ. 50ರಲ್ಲಿ ಅದೇ ಫ್ರೇಮಿಗೆ ನಾಯಿಯಿಂದ 1.2 ಮೀಟರಿನಷ್ಟು ಹತ್ತಿರಕ್ಕೆ ಹೋಗಬೇಕು. ಸಲುಗೆಯ ನಾಯಿ ಎದ್ದು ಬಂದು ಲೆನ್ಸ್ ಮೂಸುತ್ತದೆ. ಅಂಜುವ ನಾಯಿ ಮುಖ ತಿರುಗಿಸುತ್ತದೆ. "ಸ್ವಲ್ಪ ದೂರ ನಿಲ್ಲಿ ಮಾರಾಯ್ರೆ, ಇದಕ್ಕೆ ಕ್ಯಾಮೆರಾ ಕಂಡರೇ ಆಗುವುದಿಲ್ಲ" ಅನ್ನುವ ಮಾತು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಬೀದಿಯಿಂದ ತಂದು ಸಾಕಿದ ನಾಯಿಗಳಿಗಂತೂ 2 ಮೀಟರ್ ಅಂತರ ಬೇಕೇ ಬೇಕು. ಹಾಗಾಗಿ 85 ಎಂಎಂ ಎಫ್/1.8 ತಗೊಂಡೆ (ಎಫ್ ಸಂಖ್ಯೆ ಚಿಕ್ಕದಾದಷ್ಟು ಲೆನ್ಸಿನ ಕಿಂಡಿ ದೊಡ್ಡದು, ಸ್ಪಷ್ಟವಾಗಿ ಬರುವ ಆಳ ಕಡಿಮೆ). ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ, ಮನೆಯೊಳಗೆ ತೆಗೆಯುವುದಕ್ಕೆ 50 ಎಂಎಂ ಧಾರಾಳ ಸಾಕು, ಬೆಲೆಯೂ ಕಡಿಮೆ.

ಎಫ್/1.8 ಇದೆ ಅಂತ ಯಾವಾಗಲೂ 1.8ರಲ್ಲೇ ತೆಗೆಯುವುದಿಲ್ಲ. ನನ್ನ ಕ್ಯಾಮೆರಾದಲ್ಲಿ 2 ಮೀಟರ್ ದೂರಕ್ಕೆ ಆಗ ಸ್ಪಷ್ಟವಾಗಿ ಬರುವುದು ಸುಮಾರು 4 ಸೆಂಟಿಮೀಟರ್ ಆಳ ಮಾತ್ರ. ಕಣ್ಣು ಚೂಪಾಗಿ ಬರುತ್ತದೆ, ಒದ್ದೆ ಮೂಗಿನ ಮೇಲಿನ ಸಣ್ಣ ಸಣ್ಣ ಗೆರೆ ಮಾಯ. ನನಗೆ ಆ ಗೆರೆಗಳು ಬೇಕು. ಎಫ್/4ಕ್ಕೆ ಹೋದರೆ 8 ಸೆಂಟಿಮೀಟರ್ ದಾಟುತ್ತದೆ. ನಾಯಿ ಮುಖವನ್ನು ಸ್ವಲ್ಪ ಓರೆ ಮಾಡಿದರೆ ಕಣ್ಣು, ಮೂಗು ಎರಡೂ ಸಿಗುತ್ತವೆ. ಹಿನ್ನೆಲೆಯ ತೆಂಗಿನ ಮರ ದೂರ ಇದ್ದರೆ ಎಫ್/4ರಲ್ಲೂ ಚೆನ್ನಾಗಿಯೇ ಕರಗುತ್ತದೆ. ಫೋಕಸ್ ಪಾಯಿಂಟ್ ಹತ್ತಿರದ ಕಣ್ಣಿನ ಮೇಲೆ, ಕೂತ ನಾಯಿಗೂ ಶಟರ್ 1/500 ಸೆಕೆಂಡ್. ಕಿವಿ ಯಾವಾಗ ಅಲುಗುತ್ತದೋ ಹೇಳಲಾಗದು.

ಬೀಚಿನಲ್ಲಿ ನಾನು ಲೆನ್ಸ್ ಬದಲಿಸುವುದಿಲ್ಲ. ಗಾಳಿಗೆ ಮರಳು ಒಳಗೆ ಹೋದರೆ ಕಥೆ ಮುಗಿಯಿತು. ಇಡೀ ಸಂಜೆ ಒಂದೇ ಲೆನ್ಸಿನಲ್ಲಿ ಕಳೆಯಬೇಕು, 85 ಅದಕ್ಕೂ ಒದಗಿತು. ನಮ್ಮಲ್ಲಿ ಸೂರ್ಯ ಇಳಿಯುವುದು ಕಡಲಿಗೆ. ಮನೆಯವರನ್ನು ನೀರಿನ ಕಡೆ ನಿಲ್ಲಿಸಿ ಹೆಸರು ಹಿಡಿದು ಕರೆಯಲು ಹೇಳಿದರೆ, ನಾಯಿ ಅತ್ತ ತಿರುಗಿದ ಕೂಡಲೇ ಕಣ್ಣಲ್ಲಿ ಬೆಳಕಿನ ಚುಕ್ಕಿ ಮೂಡುತ್ತದೆ. ಕಪ್ಪು ನಾಯಿ ಫ್ರೇಮ್ ತುಂಬಿದ್ದರೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸುತ್ತೇನೆ, ಇಲ್ಲದಿದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಮಾಡಿಬಿಡುತ್ತದೆ.

ನಾನು ತಗೊಂಡದ್ದು ಸೆಕೆಂಡ್ ಹ್ಯಾಂಡ್. ಕರಾವಳಿಯಲ್ಲಿ ಹಳೆ ಲೆನ್ಸ್ ಕೊಳ್ಳುವವರು ಟಾರ್ಚ್ ಒಯ್ಯಲೇಬೇಕು. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಗಾಜಿನ ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಮಳೆಗಾಲದಲ್ಲಿ ನನ್ನ ಲೆನ್ಸ್ ಬ್ಯಾಗಿನಲ್ಲಿ ಇರುವುದಿಲ್ಲ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇರುತ್ತದೆ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುತ್ತೇನೆ.